ಮಸ್ಕಿ ಕಪ್‌ನ ಎರಡನೆಯ ಗೋಲು

ಸಿಂಧನೂರು
19 ನವೆಂಬರ್ 2024

ದೋಸ್ತ ಬಸ್ಸಪ್ಪನಿಗೆ ಬಾಬುಸಾಬನ ಸಲಾಂ.

ಕಾಗದ ನೋಡಿ ನಗಬೇಡ. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಹನ್ನೆರಡು ದಿನವಾಯಿತು. ಗಂಟಲಿನ ಗಂಟಿನ ಜೊತೆ ನನ್ನ ದನಿಯನ್ನೂ ತೆಗೆದಿದ್ದಾರೆ. ನೀನು ಫೋನ್ ಮಾಡಿದಾಗ ಲಾಲ್‌ಬೀ ಅದನ್ನು ನನ್ನ ಕಿವಿಗೆ ಹಿಡಿಯುತ್ತಾಳೆ. ನೀನು 'ಹೆಂಗದೀಲೇ ಬಾಬೂ' ಅನ್ನುತ್ತೀ, ನಾನು ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಿಡುತ್ತೇನೆ. ಇಬ್ಬರಿಗೂ ಹಿಂಸೆ. ಮೊಬೈಲಿನಲ್ಲಿ ಅಕ್ಷರ ಒತ್ತೋಣವೆಂದರೆ ಮೂವತ್ತೈದು ವರ್ಷ ವೆಲ್ಡಿಂಗ್ ಮಾಡಿ ದಪ್ಪಗಾದ ಬೆರಳು, ಒಂದು ಒತ್ತಿದರೆ ಮೂರು ಬರುತ್ತವೆ. ಅದಕ್ಕೆ ಮಹೆಕ್ ತಾನು ಕಲಿಸುವ ಶಾಲೆಯಿಂದ ಒಂದು ಗೆರೆ ನೋಟ್‌ಬುಕ್ಕು ತಂದಿಟ್ಟಿದ್ದಾಳೆ. 'ಅಬ್ಬಾ, ಏನ್ ಹೇಳೂದೈತಿ ಇದ್ರಾಗ ಬರಿ' ಅಂದಳು. ಹೆಂಡತಿ ಮಗಳಿಗೆ ಹೇಳುವುದು ನೀರು, ಔಷಧ, ಕಿಟಕಿ, ಇಷ್ಟೇ. ಉಳಿದದ್ದೆಲ್ಲ ನಿನಗೆ.

ಮಸ್ಕಿ ಕಪ್ ಫುಟ್‌ಬಾಲ್ ಶುರುವಾಗಿದೆಯಂತೆ. ಆಡಿದ ವರ್ಷಗಳು, ನೋಡಿದ ವರ್ಷಗಳು ಸೇರಿಸಿದರೆ ಬೆಟ್ಟದ ಬುಡದ ಆ ಮೈದಾನವನ್ನು ನಾನು ತಪ್ಪಿಸಿಕೊಳ್ಳುವುದು ಇದೇ ಮೊದಲು. ನೀನು ಕಂಡಕ್ಟರ್ ಆಗಿದ್ದಾಗ ಭಾನುವಾರದ ಡ್ಯೂಟಿ ಬದಲಿಸಿಕೊಂಡು ಲಿಂಗಸುಗೂರಿನಿಂದ ಬರುತ್ತಿದ್ದೆ, ನಾನು ಅಂಗಡಿ ಮುಚ್ಚಿ ಸಿಂಧನೂರಿನಿಂದ. ಗೋಲ್‌ಪೋಸ್ಟಿನ ಹಿಂದೆ ಒಟ್ಟಿಗೆ ನಿಂತು, ನೀನು ನಿಮ್ಮೂರಿಗೆ ನಾನು ನಮ್ಮೂರಿಗೆ ಎಂದು ಜಗಳವಾಡಿದ್ದೇ ಆಟ ನೋಡಿದ್ದಕ್ಕಿಂತ ಹೆಚ್ಚು. ಈ ವರ್ಷ ನೀನೊಬ್ಬನೇ ನಿಲ್ಲಬೇಕು. ನಿಂತು ನನಗೆ ಬರೆ.

ನಮ್ಮ ಕೀಪರ್ ಇಶ್ತಿಯಾಕ್ ಮೇಲೆ ಕಣ್ಣಿಡು. ನೆಲದ ಚೆಂಡಿಗೆ ಅವನ ಸಮ ಇಲ್ಲ. ಎತ್ತರದ ಚೆಂಡು ಬಂದರೆ ಮಾತ್ರ ಗೆರೆಗೆ ಅಂಟಿಕೊಂಡು ನಿಲ್ಲುತ್ತಾನೆ. ನಿನ್ನ ಮಗ ಮಾಳಿಂಗನಿಗೆ ಆ ಭಯವಿಲ್ಲ. ದಿನಾ ಕರೆಂಟ್ ಕಂಬ ಹತ್ತುವ ಲೈನ್‌ಮನ್‌ಗೆ ಎತ್ತರ ಏನು ಮಾಡೀತು. ಎಂಟನೇ ಕ್ಲಾಸಿನಲ್ಲಿದ್ದಾಗ ಅವನನ್ನು ನಿನ್ನ ಬಸ್ಸಿನಲ್ಲಿ ತಂದು ನನ್ನ ಅಂಗಡಿ ಮುಂದೆ ಇಳಿಸಿ ಹೋಗುತ್ತಿದ್ದೆಯಲ್ಲ, ಇಬ್ಬರಿಗೂ ಗೋಲಿನಲ್ಲಿ ನಿಲ್ಲುವುದನ್ನು ನಾನೇ ಕಲಿಸಿದ್ದು. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬರಲಿಲ್ಲ.

ಸಿಂಧನೂರು ಏಳು ಸಲ ಫೈನಲ್ ಆಡಿ ಏಳು ಸಲವೂ ಸೋತಿದೆ. ಎಂಟನೆಯದನ್ನು ನೋಡುವ ಆಸೆ ಇತ್ತು.

ನಿನ್ನ
ಬಾಬುಸಾಬ್


ಲಿಂಗಸುಗೂರು
2 ಡಿಸೆಂಬರ್ 2024

ಗೆಳೆಯ ಬಾಬುಸಾಬನಿಗೆ ಬಸ್ಸಪ್ಪನ ಶರಣು.

ನಿನ್ನ ಅಕ್ಷರ ನೋಡಿ ನಗು ಬಂತು. ಇಷ್ಟು ವರ್ಷ ನನ್ನನ್ನು ಬೈದವನು ಇಷ್ಟು ದುಂಡಗೆ ಬರೆಯುತ್ತಾನೆಂದು ಗೊತ್ತಿರಲಿಲ್ಲ.

ನಿನ್ನೆ ಎರಡೂ ಸೆಮಿಫೈನಲ್ ಆದವು. ನಾವು ಮುದಗಲ್ ತಂಡವನ್ನು ಪೆನಾಲ್ಟಿಯಲ್ಲಿ ಗೆದ್ದೆವು, ಮಾಳಿಂಗ ಎರಡು ಹಿಡಿದ. ನಿಮ್ಮವರು ಗಂಗಾವತಿಗೆ ಮೂರು ಗೋಲು ಹೊಡೆದರು, ಒಂದೂ ಬಿಟ್ಟುಕೊಡಲಿಲ್ಲ. ಅಂದರೆ ಫೈನಲ್ ನಮಗೂ ನಿಮಗೂ! ಡಿಸೆಂಬರ್ ಹದಿನೈದು, ಭಾನುವಾರ.

ನಿಜ ಹೇಳುತ್ತೇನೆ, ಗಂಗಾವತಿಯವರು ಮನಸ್ಸಿಟ್ಟು ಆಡಲಿಲ್ಲ. ಎರಡನೆಯ ಗೋಲಾದ ಮೇಲೆ ಓಡುವುದನ್ನೇ ಬಿಟ್ಟರು. ನಮ್ಮ ಪಕ್ಕ ನಿಲ್ಲುವ ಮಸ್ಕಿಯ ದಾವಲ್‌ಸಾಬ್ ಗೊತ್ತಲ್ಲ, ಅವನು ಕೂಗಿಯೇಬಿಟ್ಟ: 'ಏ, ಆಡಾಕ ಬಂದೀರೋ, ಮದಿವಿ ಉಣ್ಣಾಕ ಬಂದೀರೋ?' ಅವರ ಕೀಪರ್ ತಲೆ ತಗ್ಗಿಸಿಕೊಂಡು ಚೆಂಡು ತರಲು ಹೋದ. ದಾವಲ್‌ಸಾಬ್ ನನ್ನನ್ನು ಕೇಳಿದ, 'ಬಾಬುಸಾಬ ಎಲ್ಲಿ?' ಆರಾಮ ಇಲ್ಲ ಅಂದೆ. 'ಮುಂದಿನ ವರ್ಷ ಬರ್ತಾನ ಬಿಡು' ಅಂದ. ನಾನು ಹೂಂ ಅಂದೆ.

ಇಶ್ತಿಯಾಕ್ ಒಂದು ಎತ್ತರದ ಚೆಂಡಿಗೆ ಗೆರೆ ಬಿಟ್ಟು ಮುಂದೆ ಬಂದ. ಗುದ್ದಿದ್ದು ಸರಿಯಾಗಲಿಲ್ಲ, ಆದರೆ ಬಂದ. ನಿನಗೆ ತಿಳಿಸಬೇಕು ಅನ್ನಿಸಿತು.

ಊಟ ಸೇರುತ್ತಿದೆಯೇ? ಲಾಲ್‌ಬೀ ತಂಗಿಗೆ ನನ್ನ ನಮಸ್ಕಾರ.

ನಿನ್ನ
ಬಸ್ಸಪ್ಪ


ಸಿಂಧನೂರು
6 ಡಿಸೆಂಬರ್ 2024

ಬಸ್ಸಪ್ಪಾ,

ಫೈನಲ್ ಸುದ್ದಿ ಓದಿ ಎದ್ದು ಕೂತೆ. ಲಾಲ್‌ಬೀ ಗಾಬರಿಯಾಗಿ ಓಡಿ ಬಂದಳು.

ಆದರೆ ಒಂದು ಮಾತು. ಯಾರು ಮನಸ್ಸಿಟ್ಟು ಆಡಿದರು, ಯಾರು ಆಡಲಿಲ್ಲ ಎಂದು ಹೊರಗೆ ನಿಂತು ಹೇಳಬೇಡ. ಆ ಗಂಗಾವತಿಯವರು ಭತ್ತದ ಕೊಯ್ಲು ಬಿಟ್ಟು ಬಂದಿರುತ್ತಾರೆ. ಹಿಂದಿನ ದಿನ ಎಷ್ಟು ಹೊತ್ತು ಗದ್ದೆಯಲ್ಲಿದ್ದರೋ. ಕಾಲು ಬರದಿರುವುದು ಬೇರೆ, ಮನಸ್ಸು ಬರದಿರುವುದು ಬೇರೆ. ದೂರದಿಂದ ಎರಡೂ ಒಂದೇ ತರಹ ಕಾಣುತ್ತವೆ.

ಎಂಬತ್ತೊಂಬತ್ತರ ಫೈನಲ್ ನಿನಗೆ ನೆನಪಿದೆ. ಕಾರ್ನರ್‌ನಿಂದ ಬಂದ ಚೆಂಡು ನನ್ನ ಎರಡೂ ಕೈಗೆ ಸಿಕ್ಕು ಜಾರಿ ಗೋಲಾಯಿತು, ಸೋತೆವು. ಜನರೊಳಗಿನಿಂದ ಯಾರೋ ಒಬ್ಬ 'ಬಾಬ್ಯಾ ಆಟ ಮಾರಿಕೊಂಡ' ಎಂದು ಕೂಗಿದ. ಒಂದು ನಿಮಿಷದಲ್ಲಿ ಇಡೀ ಮೈದಾನ ಅದನ್ನೇ ಕೂಗುತ್ತಿತ್ತು. ನಮ್ಮಪ್ಪ ಬಸ್ ನಿಲ್ದಾಣದವರೆಗೆ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆಯೇ ನಡೆದ, ಹಿಂತಿರುಗಿ ನೋಡಲಿಲ್ಲ. ಮಾತಾಗಿದ್ದ ಹೆಣ್ಣಿನ ಮನೆಯವರು ಆ ವಾರವೇ ಹಿಂದೆ ಸರಿದರು.

ನಿನಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಹಿಂದಿನ ದಿನ ಟ್ರ್ಯಾಕ್ಟರಿನ ಕೆಲಸ ಮಾಡುವಾಗ ಬಲ ಅಂಗೈ ಸುಟ್ಟುಕೊಂಡಿದ್ದೆ. ನಮ್ಮಲ್ಲಿ ಇನ್ನೊಬ್ಬ ಕೀಪರ್ ಇರಲಿಲ್ಲ. ಬಟ್ಟೆ ಸುತ್ತಿ, ಮೇಲೆ ಕೈಗವಸು ಹಾಕಿ ನಿಂತೆ. ಆಟದ ಮುಂಚೆ ಹೇಳಿದ್ದರೆ ಸೋಲಿಗೆ ಮೊದಲೇ ನೆಪ ಹುಡುಕಿದ ಅನ್ನುತ್ತಿದ್ದರು. ಆಮೇಲೆ ಹೇಳಿದ್ದರೆ ಯಾರು ನಂಬುತ್ತಿದ್ದರು? ಮೂವತ್ತೈದು ವರ್ಷವಾಯಿತು. ಈಗಲೂ ಊರಲ್ಲಿ ಯಾರಾದರೂ ಸಿಟ್ಟಾದರೆ ಮೊದಲು ತೆಗೆಯುವುದು ಅದೇ ಮಾತು.

ಈ ಸಲ ಇಶ್ತಿಯಾಕ್ ಸೋತರೂ ಆ ಮಾತು ಅವನಿಗೆ ಬರದಿರಲಿ. ಅಷ್ಟು ನೋಡಿಕೋ.

ಬಾಬುಸಾಬ್


ಲಿಂಗಸುಗೂರು
16 ಡಿಸೆಂಬರ್ 2024

ಗೆಳೆಯಾ ಬಾಬೂ,

ಗೆದ್ದಿರಿ! ಸಿಂಧನೂರು ಕಪ್ ಗೆದ್ದಿತು! ಈ ಕಾಗದಕ್ಕೆ ಮುಂಚೆಯೇ ನಿನ್ನ ಹುಡುಗರು ಬಂದು ಹೇಳಿರುತ್ತಾರೆ, ಆದರೂ ನನ್ನ ಕೈಯಿಂದ ಬರೆಯುವ ಸಂತೋಷ ನನಗಿರಲಿ.

ಮೊದಲರ್ಧದಲ್ಲಿ ನಾವು ಒಂದು, ನೀವು ಒಂದು. ಅರ್ಧ ಮುಗಿಯುವ ಹೊತ್ತಿಗೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಇಶ್ತಿಯಾಕ್ ಬಲಕ್ಕೆ ಹಾರಿ ಎರಡೂ ಕೈಯಿಂದ ತಳ್ಳಿದ. ಅಂಥದ್ದನ್ನು ನಿನ್ನ ಕಾಲ ಮುಗಿದ ಮೇಲೆ ನಾನು ನೋಡಿಲ್ಲ. ಬಂಡೆಯ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಅವನು ಎದ್ದು ಮೈ ಒರೆಸಿಕೊಂಡು ಆಕಾಶ ನೋಡಿದ. ನಿನ್ನನ್ನೇ ನೆನೆದಿರಬೇಕು.

ಆಟ ಮುಗಿಯಲು ನಾಲ್ಕು ನಿಮಿಷ ಇದ್ದಾಗ ನಿಮ್ಮ ಮುಷರಫ್ ದೂರದಿಂದ ಹೊಡೆದ. ಚೆಂಡು ಗೋಲಿನ ಮುಂದೆ ಒಂದು ಕಲ್ಲಿಗೆ ಬಡಿದು ಅಡ್ಡ ಪುಟಿಯಿತು. ಏನೂ ಮಾಡುವಂತಿರಲಿಲ್ಲ. ಎರಡು–ಒಂದು.

ದಾವಲ್‌ಸಾಬ್ ಹೇಳಿದ, 'ಬಾಬುಸಾಬ ಇರಬೇಕಿತ್ತಪಾ.' ನಿಜ, ಇರಬೇಕಿತ್ತು. ಇನ್ನು ಯಾರೂ ನಿನಗೆ ಏನೂ ಅನ್ನುವಂತಿಲ್ಲ. ಅಲ್ಲಿ ಎಲ್ಲರೂ ನಿನ್ನ ಹೆಸರು ಹೇಳುತ್ತಿದ್ದರು, ಇಶ್ತಿಯಾಕನ ಉಸ್ತಾದ್ ಎಂದು.

ಮಾಳಿಂಗ ಆರಾಮ ಇದ್ದಾನೆ. ನೀನು ಸಂತೋಷವಾಗಿರು, ಔಷಧ ಬಿಡಬೇಡ.

ನಿನ್ನ
ಬಸ್ಸಪ್ಪ


ಸಿಂಧನೂರು
27 ಡಿಸೆಂಬರ್ 2024

ಬಸ್ಸಪ್ಪನಿಗೆ,

ಹುಡುಗರು ಕಪ್ ತಂದು ನನ್ನ ಮಂಚದ ಮೇಲಿಟ್ಟರು. ಮಹೆಕ್ ಎಲ್ಲರಿಗೂ ಶೀರಾ ಮಾಡಿದಳು. ನಾನು ಒಂದು ಚಮಚ ಬಾಯಿಗಿಟ್ಟುಕೊಂಡೆ, ಇಳಿಯಲಿಲ್ಲ, ಆದರೂ ರುಚಿ ಗೊತ್ತಾಯಿತು. ಅಂಥ ದಿನ ನನ್ನ ಬಾಳಿನಲ್ಲಿ ಎರಡೋ ಮೂರೋ.

ಮೊನ್ನೆ ಇಶ್ತಿಯಾಕ್ ಪೂರ್ತಿ ಆಟದ ವಿಡಿಯೋ ತಂದ. ಯಾರೋ ನಿಮ್ಮ ಗೋಲಿನ ಪಕ್ಕದಲ್ಲೇ ನಿಂತು ತೆಗೆದದ್ದು. ಅವನು ತನ್ನ ಪೆನಾಲ್ಟಿಯನ್ನು ಮತ್ತೆ ಮತ್ತೆ ತೋರಿಸಿದ. ನಾನು ಎರಡನೆಯ ಗೋಲನ್ನು ಮತ್ತೆ ಮತ್ತೆ ಹಾಕಿಸಿದೆ.

ಕಲ್ಲು ಎಲ್ಲಿತ್ತು ಬಸ್ಸಪ್ಪಾ?

ಚೆಂಡು ನೇರವಾಗಿ ಬಂದಿದೆ. ನಿನ್ನ ಮಗ ಒಂದು ಮೊಣಕಾಲು ನೆಲಕ್ಕೆ ಊರಿದ್ದಾನೆ, ನಾನು ಕಲಿಸಿದ ಹಾಗೆ. ಎರಡೂ ಅಂಗೈ ಚೆಂಡಿನ ಹಿಂದಿವೆ, ನಾನು ಕಲಿಸಿದ ಹಾಗೆ. ಆಮೇಲೆ ಕೈ ಬಿಚ್ಚಿದ್ದಾನೆ. ಅದನ್ನು ನಾನು ಕಲಿಸಿರಲಿಲ್ಲ. ಗೋಲಾದ ಮೇಲೆ ಕೀಪರ್ ಆದವನು ಚೆಂಡನ್ನು ನೋಡುತ್ತಾನೆ, ಇಲ್ಲವೆ ತನ್ನ ಬ್ಯಾಕುಗಳನ್ನು ಬೈಯುತ್ತಾನೆ. ಅವನು ಬಲೆಯ ಹಿಂದೆ ನಿಂತಿದ್ದ ನಿನ್ನನ್ನು ನೋಡಿದ. ನೀನು ತಲೆ ತಗ್ಗಿಸಿದೆ.

ನನಗೆ ಎಷ್ಟು ದಿನ ಉಳಿದಿದೆ ಎಂದು ನನಗೆ ಗೊತ್ತಿಲ್ಲ ಎಂದು ತಿಳಿದಿದ್ದೀರಾ ಎಲ್ಲರೂ? ಲಾಲ್‌ಬೀ ಅಡುಗೆಮನೆಯಲ್ಲಿ ಅಳುವುದು ಕೇಳಿಸುತ್ತದೆ. ಹೋಗಿರುವುದು ದನಿ, ಕಿವಿಯಲ್ಲ.

ಸಾಯುವವನ ಕೈಯಲ್ಲಿ ಏನಾದರೂ ಇಡೋಣ ಎಂದು ನೀನು ಅಂದುಕೊಂಡೆ. ಇಟ್ಟದ್ದು ಏನನ್ನು ನೋಡು. ನಾನು ಮೂವತ್ತೈದು ವರ್ಷ ಹೊತ್ತ ಮಾತನ್ನು ತೆಗೆದು ನಿನ್ನ ಮಗನ ತಲೆಯ ಮೇಲೆ ಹೊರಿಸಿದ್ದೀ. ನನ್ನದು ಸುಳ್ಳು ಮಾತಾಗಿತ್ತು, ಹೇಗೋ ಹೊತ್ತೆ. ಅವನದು ನಿಜ. ಅವನು ಹೇಗೆ ಹೊರುತ್ತಾನೆ?

ಇನ್ನು ಬರೆಯಬೇಡ.

ಬಾಬುಸಾಬ್


ಲಿಂಗಸುಗೂರು
2 ಜನವರಿ 2025

ಬಾಬೂ,

ಬರೆಯಬೇಡ ಅಂದಿದ್ದೀ. ಇದೊಂದು ಓದು.

ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ತಂದ ದಿನವೇ ಲಾಲ್‌ಬೀ ಫೋನ್ ಮಾಡಿದ್ದಳು. 'ಬಸ್ಸಪ್ಪಣ್ಣಾ, ಡಾಕ್ಟ್ರು ಮೂರ್ ತಿಂಗಳ ಅಂದಾರ್ರಿ. ಅವರಿಗೆ ಹೇಳಬ್ಯಾಡ್ರಿ' ಅಂದಳು. ಆಮೇಲೆ ನಿನ್ನ ಸುಟ್ಟ ಅಂಗೈಯ ಕಾಗದ ಬಂತು. ಎಂಬತ್ತೊಂಬತ್ತರಲ್ಲಿ ಆ ಗೋಲ್‌ಪೋಸ್ಟಿನ ಹಿಂದೆ ನಾನೂ ಇದ್ದೆ. ನಾನು ಕೂಗಲಿಲ್ಲ. ಆದರೆ ಕೂಗಿದವರನ್ನು ಸುಮ್ಮನಿರಿ ಅನ್ನಲೂ ಇಲ್ಲ. ಒಳಗೊಳಗೆ ನಾನೂ ಅನುಮಾನ ಪಟ್ಟಿದ್ದೆ ಬಾಬೂ, ನಾಲ್ಕಾರು ವರ್ಷ. ಕಾಗದ ಓದಿದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹೇಗಾದರೂ ನಿನಗೆ ಈ ಕಪ್ ಮುಟ್ಟಿಸಬೇಕು ಅನ್ನಿಸಿತು. ಬೇರೇನೂ ಹೊಳೆಯಲಿಲ್ಲ.

ಫೈನಲ್ ದಿನ ಬೆಳಿಗ್ಗೆ ಮಾಳಿಂಗನಿಗೆ ಹೇಳಿದೆ. ಅವನು ಬೂಟಿನ ದಾರ ಕಟ್ಟುತ್ತಿದ್ದ. 'ಬಾಬು ಕಾಕಾ ಭಾಳ ದಿನ ಉಳಿಯಂಗಿಲ್ಲೋ. ಸಿಂಧನೂರು ಗೆದ್ದದ್ದು ಒಮ್ಮಿ ಅವನ ಕಿವಿಗೆ ಬೀಳ್ಲಿ' ಅಂದೆ. ಅವನು 'ಅಪ್ಪಾ, ಇದನ್ನ ನನಗ ಕೇಳಬ್ಯಾಡ' ಅಂದು ಎದ್ದು ಹೋದ. ಮಾಡುವುದಿಲ್ಲ ಅಂದುಕೊಂಡೆ. ಮೊದಲರ್ಧದಲ್ಲಿ ನಾಲ್ಕು ಚೆಂಡು ಹಿಡಿದ. ನನಗೆ ಹೆಮ್ಮೆಯೂ ಆಯಿತು, ನೆಮ್ಮದಿಯೂ ಆಯಿತು. ಆಮೇಲೆ ಹಾಗೆ ಮಾಡಿದ.

ನೀನು ಹೇಳಿದ್ದೇ ಆಗಿದೆ. ವಿಡಿಯೋ ಇಲ್ಲಿಗೂ ಬಂದಿದೆ. ಕರೆಂಟ್ ಆಫೀಸಿನಲ್ಲಿ ಅವನ ಜೊತೆಯವರು 'ಏನಪಾ, ಎಷ್ಟಕ್ಕ ಕೊಟ್ಟಿ?' ಎಂದು ಕೇಳುತ್ತಾರಂತೆ. ತಂಡದವರು ಕರೆಯುವುದು ಬಿಟ್ಟಿದ್ದಾರೆ. ಅಪ್ಪನ ಮಾತಿಗೆ ಮಾಡಿದೆ ಎಂದು ಅವನು ಯಾರಿಗೂ ಹೇಳಿಲ್ಲ. ನನ್ನ ಹತ್ತಿರವೂ ಮಾತಿಲ್ಲ. ನಾನು ಊಟಕ್ಕೆ ಕೂತರೆ ಅವನು ಏಳುತ್ತಾನೆ.

ನಿನಗೆ ಮುಖ ತೋರಿಸುವ ಧೈರ್ಯ ನನಗಿಲ್ಲ. ಕ್ಷಮಿಸು ಅನ್ನಲೂ ನಾಚಿಕೆ.

ಬಸ್ಸಪ್ಪ


ಸಿಂಧನೂರು
4 ಮಾರ್ಚ್ 2025

ಬಸ್ಸಪ್ಪ ಕಾಕಾ ಅವರಿಗೆ ಮಹೆಕ್ ಮಾಡುವ ಸಲಾಂ.

ಫೆಬ್ರುವರಿ ಇಪ್ಪತ್ತನೆಯ ತಾರೀಕು ಮಧ್ಯಾಹ್ನ ಅಬ್ಬಾ ತೀರಿಕೊಂಡರು. ಮಾಳಿಂಗಣ್ಣ ನಿಮಗೆ ಹೇಳಿಯೇ ಇರುತ್ತಾರೆ. ಅವರೂ ಜನಾಜಾಕ್ಕೆ ಹೆಗಲು ಕೊಟ್ಟರು. ನೀವು ಬರಲಿಲ್ಲ. ಅಮ್ಮಿ ತುಂಬ ಹೊತ್ತು ಬಾಗಿಲ ಕಡೆ ನೋಡುತ್ತಿದ್ದರು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ ಕಾಕಾ. ಯಾಕೆ ಬರಲಿಲ್ಲ ಎಂದು ತಿಳಿಯದೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಏನೇನಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕೊನೆಯ ಕಾಗದ ಓದಿದ ಮೇಲೆ ಅಬ್ಬಾ ನನ್ನಿಂದ ಮಾಳಿಂಗಣ್ಣನಿಗೆ ಫೋನ್ ಮಾಡಿಸಿದರು. 'ಬಾ' ಎಂದಷ್ಟೇ ಹೇಳು ಎಂದು ಬರೆದು ತೋರಿಸಿದರು. ಸಂಕ್ರಾಂತಿಗೆ ಎರಡು ದಿನ ಮುಂಚೆ ಅವರು ಬೈಕಿನಲ್ಲಿ ಬಂದರು. ಮಂಚದ ಹತ್ತಿರ ನೆಲದ ಮೇಲೆ ಕೂತು ಅತ್ತರು. ಅಬ್ಬಾ ಬರೆದ ಹಾಳೆ ನನ್ನ ಹತ್ತಿರ ಇದೆ. ಆಡುವ ಮಾತಿನಲ್ಲೇ ಬರೆದಿದ್ದಾರೆ: 'ನಿಮ್ಮಪ್ಪ ಕೇಳಿದ್ದು ತಪ್ಪು. ನೀ ಕೊಟ್ಟಿದ್ದು ತಪ್ಪು. ಅವಗ ಹಂಗ ಕೇಳಬೇಕು ಅನಸೂವಂಗ ನಾ ಕಾಗದ ಬರದದ್ದೂ ತಪ್ಪು.' ಮಾಳಿಂಗಣ್ಣ 'ಈಗ ನಾ ಏನ್ ಮಾಡ್ಲಿ ಕಾಕಾ?' ಅಂದರು. ಅಬ್ಬಾ ಕೆಳಗೆ ಬರೆದರು: 'ನಮ್ಮೂರಾಗ ಒಂದ್ ಆಟ ಆಡು. ಒಂದೂ ಬಿಡಬ್ಯಾಡ.'

ಇಶ್ತಿಯಾಕ್‌ಗೆ ಹೇಳುವುದು ಕಷ್ಟವಾಯಿತು. 'ಹಂಗಾರ ನಾವು ಗೆದ್ದದ್ದು ಸುಳ್ಳಾ ಉಸ್ತಾದ್?' ಎಂದು ಕೂಗಾಡಿ ಹೊರಗೆ ಹೋದರು. ನಾಲ್ಕು ದಿನ ಈ ಕಡೆ ಬರಲಿಲ್ಲ. ಬಂದಾಗ ಅಬ್ಬಾ ಬರೆದಿಟ್ಟಿದ್ದ ಹಾಳೆ ಕೊಟ್ಟೆ. 'ನೀ ಹಿಡದ ಪೆನಾಲ್ಟಿ ಖರೇ. ಅದನ್ನ ಯಾರೂ ಕಸಗೊಳ್ಳಾಂಗಿಲ್ಲ' ಎಂದಿತ್ತು. ಕಪ್ ಈಗಲೂ ಅವರ ಮನೆಯ ಕಪಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿದೆ.

ಫೆಬ್ರುವರಿ ಎರಡು, ಭಾನುವಾರ ಆಟವಾಯಿತು. ಮಾಳಿಂಗಣ್ಣ ನಿಮ್ಮೂರಿನ ತಂಡದವರ ಮನೆಮನೆಗೆ ಹೋಗಿ ಕರೆದುಕೊಂಡು ಬಂದಿದ್ದರು. ಏನು ಹೇಳಿ ಕರೆತಂದರೋ. ಅಬ್ಬಾನನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಗೋಲ್‌ಪೋಸ್ಟಿನ ಹಿಂದೆ ಎರಡು ಕುರ್ಚಿ ಹಾಕಿಸಿದರು. ಆಟ ಶುರುವಾಗಲು ಬಿಡಲಿಲ್ಲ. ಲಿಂಗಸುಗೂರಿನಿಂದ ಹತ್ತು ಗಂಟೆಯ ಬಸ್ಸು ಬಂತೇನೋ ನೋಡು ಎಂದು ಸನ್ನೆ ಮಾಡಿದರು. ಹನ್ನೊಂದರದ್ದನ್ನೂ ಕೇಳಿದರು. ಆಮೇಲೆ ಆಡಲಿ ಎಂದು ಕೈ ಎತ್ತಿದರು.

ಮುಷರಫ್ ಐದು ಸಲ ಹೊಡೆದರು. ಐದನ್ನೂ ಮಾಳಿಂಗಣ್ಣ ಹಿಡಿದರು. ಕೊನೆಗೆ ನಿಮ್ಮವರು ಒಂದು ಗೋಲು ಹಾಕಿ ಗೆದ್ದರು. ನಾವು ಸೋತೆವು ಕಾಕಾ, ಅಬ್ಬಾ ಚಪ್ಪಾಳೆ ತಟ್ಟಿದರು. ದನಿ ಇಲ್ಲದವರು ತಟ್ಟುವ ಚಪ್ಪಾಳೆ ಎಷ್ಟು ಜೋರಾಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ನಿಮಗೆ ಉತ್ತರ ಬರೆಯಲು ಅವರು ಮೂರು ಸಲ ಕೂತರು. ಮೂರು ಹಾಳೆಯಲ್ಲೂ 'ಬಸ್ಸಪ್ಪಾ' ಎಂದು ಬರೆದು ನಿಲ್ಲಿಸಿದ್ದಾರೆ. ಒಂದು ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅದು ನಿಮ್ಮದು.

ರಂಜಾನ್ ರೋಜಾ ನಡೆದಿದೆ. ದುವಾದಲ್ಲಿ ನಿಮ್ಮನ್ನೂ ನೆನೆಯುತ್ತೇವೆ.

ನಿಮ್ಮ ಮಗಳು
ಮಹೆಕ್


ಲಿಂಗಸುಗೂರು
17 ಮಾರ್ಚ್ 2025

ಮಗಳು ಮಹೆಕ್‌ಗೆ ಬಸ್ಸಪ್ಪ ಕಾಕಾನ ಆಶೀರ್ವಾದ.

ಹಾಳೆ ಸಿಕ್ಕಿತು. ಓದಲು ಒಂದೇ ಮಾತು ಇತ್ತು, ಒಂದು ವಾರ ಹಿಡಿಯಿತು.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಫೆಬ್ರುವರಿ ಎರಡರಂದು ಹತ್ತು ಗಂಟೆಯ ಬಸ್ಸಿನಲ್ಲಿ ನಾನು ಬಂದಿದ್ದೆ ಮಗಳೇ. ಮಾಳಿಂಗ ಯಾರ ಜೊತೆಗೋ ಫೋನಿನಲ್ಲಿ ಮಾತಾಡುವುದು ಕೇಳಿ ಆಟದ ವಿಷಯ ತಿಳಿದಿತ್ತು. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇಳಿದೆ. ಒಂದು ಚಹಾ ಕುಡಿದೆ. ಇನ್ನೊಂದು ಕುಡಿದೆ. ಎದ್ದು ಗೇಟಿನವರೆಗೆ ಹೋದೆ, ತಿರುಗಿ ಬಂದು ಬೆಂಚಿನ ಮೇಲೆ ಕೂತೆ. ಇಪ್ಪತ್ತಾರು ವರ್ಷ ಆ ನಿಲ್ದಾಣದಲ್ಲಿ ಜನರನ್ನು ಹತ್ತಿಸಿ ಇಳಿಸಿದವನಿಗೆ ಹೊರಗೆ ಹೋಗುವ ದಾರಿ ಸಿಗಲಿಲ್ಲ. ಒಂದು ಗಂಟೆಗೆ ವಾಪಸ್ ಬಸ್ಸು ಹತ್ತಿದೆ. ಬಾಬು ಕುರ್ಚಿ ಹಾಕಿಸಿ ಕಾದಿದ್ದ ಎಂದು ಗೊತ್ತಿದ್ದರೆ ಬರುತ್ತಿದ್ದೆ ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಬರುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಮಣ್ಣಿನ ದಿನವೂ ಹಾಗೆಯೇ ಆಯಿತು. ಅವತ್ತು ಮಸ್ಕಿಯಲ್ಲೇ ಇಳಿದುಬಿಟ್ಟೆ.

ನಿನ್ನೆ ಭಾನುವಾರ ಮಸ್ಕಿಯಲ್ಲಿ ನಮಗೂ ಮುದಗಲ್‌ನವರಿಗೂ ಆಟವಿತ್ತು. ಮಾಳಿಂಗನನ್ನು ತಂಡಕ್ಕೆ ಮತ್ತೆ ಸೇರಿಸಿಕೊಂಡಿದ್ದಾರೆ. ಅವನ ಕಣ್ಣಿಗೆ ಬೀಳಬಾರದೆಂದು ನಾನು ಆ ಕಡೆಯ ಗೋಲಿನ ಹಿಂದೆ ನಿಂತೆ. ಅರ್ಧ ಆಟವಾದ ಮೇಲೆ ಬದಿ ಬದಲಾಗುತ್ತದೆ ಎಂಬುದನ್ನು ಇಷ್ಟು ವರ್ಷ ಆಟ ನೋಡಿದವನು ಮರೆತಿದ್ದೆ. ಅವನು ನಡೆದು ಬಂದು ನೀರಿನ ಬಾಟಲಿ ಕಂಬದ ಬುಡಕ್ಕೆ ಇಟ್ಟ. ನನ್ನನ್ನು ನೋಡಿದ. ಬೆನ್ನು ಮಾಡಿ ನಿಂತ.

ಆಗ ನನ್ನ ಸುತ್ತಲಿದ್ದವರು ಶುರುಮಾಡಿದರು. 'ಏ ಮಾಳ್ಯಾ, ಇವತ್ತ ಎಷ್ಟಕ್ಕ ಮಾರಿಕೊಂಡೀಲೇ?' ನಗು. ಇನ್ನೊಬ್ಬ, ಮತ್ತೊಬ್ಬ. ಅವನ ಕಿವಿ ಕೆಂಪಾಗಿದ್ದು ಹಿಂದಿನಿಂದಲೇ ಕಾಣುತ್ತಿತ್ತು. ಎಂಬತ್ತೊಂಬತ್ತರಲ್ಲಿ ನಾನು ಇದೇ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

'ಅಂವಾ ಮಾರಿಕೊಂಡಿಲ್ಲ' ಅಂದೆ. ಯಾರಿಗೂ ಕೇಳಿಸಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ ಕೂಗುವ ದನಿ ತೆಗೆದೆ. 'ಅಂವಾ ಮಾರಿಕೊಂಡಿಲ್ರೋ! ನಾ ಅವರಪ್ಪ ಅದೀನಿ. ನಾ ಕೇಳೀನಿ ಬಿಡು ಅಂತ. ಸಾಯಾಕತ್ತ ದೋಸ್ತನ ಸಲವಾಗಿ ಕೇಳೀನಿ. ಅನ್ನೂದಿದ್ರ ನನಗ ಅನ್ರಿ.'

ಅಂದರು. ಹತ್ತಿರದಲ್ಲಿದ್ದ ಒಬ್ಬ ಉಗುಳಿದ. ದಾವಲ್‌ಸಾಬ್ ನನ್ನ ಪಕ್ಕದಿಂದ ಎದ್ದು ದೂರ ಹೋಗಿ ಕೂತ. ನಮ್ಮೂರಿನವರು ಇನ್ನು ನನ್ನನ್ನು ಆಟಕ್ಕೆ ಕರೆಯಲಾರರು. ಮಾಳಿಂಗ ತಿರುಗಿ ನೋಡಲಿಲ್ಲ. ಆಟ ನಡೆದಿತ್ತು.

ಕೊನೆಗೆ ಮುದಗಲ್‌ನ ಒಬ್ಬ ಫಾರ್ವರ್ಡ್ ಮೇಲಿನ ಮೂಲೆಗೆ ಹೊಡೆದ. ಮಾಳಿಂಗ ಮೈಯೆಲ್ಲ ಚಾಚಿ ಹಾರಿದ. ಗೋಲಾಯಿತು, ಸೋತೆವು. ಯಾರೂ ಆ ಮಾತು ಅನ್ನಲಿಲ್ಲ ಮಗಳೇ. ಒಬ್ಬನೂ ಅನ್ನಲಿಲ್ಲ.

ಅವನು ಬಲೆಯೊಳಗಿಂದ ಚೆಂಡು ತೆಗೆಯಲು ಬಂದ. ನಾಲ್ಕು ಹೆಜ್ಜೆ ದೂರ. ಮೂರು ತಿಂಗಳ ಮೇಲೆ ನನ್ನ ಹತ್ತಿರ ಮೊದಲ ಸಲ ಬಾಯಿ ತೆರೆದ.

'ಬೆರಳಿಗೆ ತಾಗಿತ್ತಪಾ' ಅಂದ.

'ನೋಡೀನಿ' ಅಂದೆ.

ನಿನ್ನ
ಬಸ್ಸಪ್ಪ ಕಾಕಾ